ಒಂದು ಸ್ಕ್ರೂ ಹೆಚ್ಚು

ನಾಡಿ ಎಣಿಸುತ್ತಿದ್ದೆ. ನಲವತ್ತೊಂದು, ನಲವತ್ತೆರಡು...
ಏಳನೇ ನಂಬರಿನ ವೇಲ್ಜಿ ಛೇಡಾ
ಕಣ್ಣು ಮುಚ್ಚಿಕೊಂಡೇ ಕೇಳಿದರು:
"ಸಿಸ್ಟರ್, ನಿಮ್ಮ ಕೈಯೊಳಗೆ ಏನೋ ಕಳಚಿಕೊಂಡಿದೆಯಲ್ಲ?"
ಐವತ್ತು ವರ್ಷ ಕಾಳು ತೂಗಿದ ಕಿವಿ.
ತೊಗರಿಯಲ್ಲಿ ಒಂದೇ ಕಲ್ಲಿದ್ದರೂ
ಮೊರ ಅಲುಗಿದೊಡನೆ ಗೊತ್ತಾಗುತ್ತಿತ್ತಂತೆ.
ಎಣಿಕೆ ತಪ್ಪಿತು. ಮತ್ತೆ ಒಂದರಿಂದ.

ಮನೆಗೆ ಬಂದು ಗಡಿಯಾರ ಕಿವಿಗಿಟ್ಟು ಅಲುಗಿಸಿದರೆ
ಕೇಳಿದ್ದು ಮುಲುಂಡ್ ಮಾತ್ರ.
ಲೋಕಲ್ಲು, ಅದರ ಬೆನ್ನಿಗೇ ಲೋಕಲ್ಲು, ಮೇಲ್ಮನೆಯ ಮಿಕ್ಸಿ,
ಪೆಡ್ಣೇಕರರ ಗ್ಯಾಲರಿಯಲ್ಲಿ
ಸತ್ತ ಅಜ್ಜನ ಕೆಮ್ಮನ್ನು ಇನ್ನೂ ಕೆಮ್ಮುವ ಗಿಳಿ.
ಈ ಊರಲ್ಲಿ ಇಷ್ಟು ಸಣ್ಣ ಸದ್ದಿಗೆ ಸಿಗುವುದು
ಕೊನೆಯ ಗಾಡಿ ಹೋಗಿ ಮೊದಲ ಗಾಡಿ ಬರುವವರೆಗಿನ ಹೊತ್ತು.

ಕಾದೆ.
ಒಂದೂವರೆಗೆ ಕೇಳಿತು,
ಗೆಜ್ಜೆ ಅನ್ನುವಷ್ಟಿಲ್ಲ, ಸಾಸಿವೆ ಅನ್ನಿ,
ಖಾಲಿ ಡಬ್ಬಿಯಲ್ಲಿ ಉಳಿದ ಒಂದು.

ಸ್ಟೀಲ್ ತಟ್ಟೆ, ಮೇಲೆ ಬಿಳಿ ಕರ್ಚೀಫು.
ಹುಬ್ಬಿನ ಚಿಮಟ, ಸ್ಪಿರಿಟ್ಟಿನಲ್ಲಿ ಒರೆಸಿದ್ದು, ಅಭ್ಯಾಸಬಲ.
ಅಂಚೆಚೀಟಿ ನೋಡುವ ಪೆಡ್ಣೇಕರರ ಭೂತಗನ್ನಡಿ.
ರಾತ್ರಿಯ ಚಪಾತಿ ಹಿಟ್ಟಿನಿಂದ ಗೋಲಿಯಷ್ಟು, ಎತ್ತಲಿಕ್ಕೆ.
ಬೆನ್ನಿನ ಮುಚ್ಚಳದ ಸಂದಿಗೆ ಹಣ್ಣಿನ ಚಾಕು.
ಜಾರಿತು. ಹೆಬ್ಬೆರಳಿಗೆ ಗೀರು.
ಎರಡನೇ ಸಲ ಟಪ್ಪೆಂದು ಹಠ ಬಿಟ್ಟಿತು.

ಒಳಗೆ ಪುಟ್ಟ ಚಕ್ರವೊಂದು
ಆಚೆ ಈಚೆ, ಆಚೆ ಈಚೆ,
ಹತ್ತು ವಾರದ ಸ್ಕ್ಯಾನಿನಲ್ಲಿ ಮಿಡಿಯುತ್ತದಲ್ಲ, ಹಾಗೆ.
ಓರೆ ಮಾಡಿದೆ. ಕರ್ಚೀಫಿನ ಮೇಲೆ ಬಿತ್ತು
ಒಂದು ಸ್ಕ್ರೂ, ಜೀರಿಗೆಯ ಅರ್ಧ.

ಅದರ ತೂತು ಹುಡುಕಿದೆ.
ಕಂಡ ಏಳು ಜಾಗಗಳಲ್ಲೂ ಏಳು ಸ್ಕ್ರೂ, ಬಿಗಿಯಾಗಿ.
ಮತ್ತೆ ಒಂದರಿಂದ. ಏಳೇ.
ಆಪರೇಷನ್ ಮುಗಿದ ಮೇಲೆ
ಹತ್ತಿ ಎಷ್ಟು ಸೂಜಿ ಎಷ್ಟು ಎಂದು ಎಣಿಸಿ ಬರೆಯುವವಳು ನಾನು.
ಕಡಿಮೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ.
ಹೆಚ್ಚು ಬಂದರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.
ಇವಳಿಗೊಂದು ಸ್ಕ್ರೂ ಲೂಸು ಎಂದು
ಎದುರಿಗೇ ಅನ್ನುತ್ತಿದ್ದರು ಅತ್ತೆ.
ಹೆಚ್ಚೆಂದು ಅವರೂ ಅಂದಿರಲಿಲ್ಲ.

ಆಮೇಲೆ ನೆನಪಾಯಿತು, ಹೋದ ವರ್ಷ ಗಣಪತಿಗೆ ಮುಂಚೆ
ಸ್ಟೇಷನ್ನಿನ ಮೆಟ್ಟಿಲ ಕೆಳಗೆ
ಇಲಿಯಾಸ್ ಭಾಯಿ ಇದನ್ನು ತೊಳೆದು ಎಣ್ಣೆ ಬಿಟ್ಟು ಕೊಟ್ಟದ್ದು.
ಅವರ ಗಾಜಿನ ಪೆಟ್ಟಿಗೆಯಲ್ಲಿ ಬೆನ್ನು ತೆರೆದು
ಒಂದಕ್ಕೊಂದು ತಾಗಿ ಮಲಗಿದ್ದವು ಗಡಿಯಾರಗಳು,
ಜನರಲ್ ವಾರ್ಡಿನ ಹಾಗೆ.
ಫಾಸ್ಟ್ ಗಾಡಿ ಹಾಯ್ದಾಗಲೆಲ್ಲ ಮೇಜು ನಡುಗುತ್ತಿತ್ತು,
ಅವರು ಅಂಗೈ ಕವುಚಿ ಎಲ್ಲವನ್ನೂ ಹಿಡಿದುಕೊಳ್ಳುತ್ತಿದ್ದರು,
ಒಂದು ಕಣ್ಣಲ್ಲಿ ಮಸೂರ, ಇನ್ನೊಂದು ಗಿರಾಕಿಯ ಮೇಲೆ.
ಈಗಲ್ಲಿ ಮೊಬೈಲ್ ಕವರು ಮಾರುತ್ತಾರೆ.
ಇಲಿಯಾಸ್ ಭಾಯಿ ಎಲ್ಲಿ ಎಂದರೆ
ಆ ಹುಡುಗ ಕವರಿನ ರೇಟು ಹೇಳುತ್ತಾನೆ.

ಅಂದರೆ ಭಾಂಡುಪ್ಪಿನಲ್ಲೋ ಕಳವಾದಲ್ಲೋ
ಯಾರದೋ ಮಣಿಕಟ್ಟಿನಲ್ಲಿ ಒಂದು ಕಡಿಮೆ.
ಇಲ್ಲದ್ದು ಸದ್ದು ಮಾಡುವುದಿಲ್ಲವಲ್ಲ,
ಅವರಿಗೆ ಗೊತ್ತಿರಲಾರದು.
ದಿನಕ್ಕೆ ಮೂರು ನಿಮಿಷ ಹಿಂದೆ ಬಿದ್ದು
ಎಂಟು ಹನ್ನೆರಡರ ಗಾಡಿ ಕಣ್ಣೆದುರೇ ತಪ್ಪಿ
ಕೈಗೆರಡು ಏಟು ಹಾಕಿ, ಮುಂದಿನದಕ್ಕೆ ನಿಂತಿರಬೇಕು.

ಹಿಟ್ಟಿನ ಗೋಲಿಗೆ ಅಂಟಿಸಿ
ಖಾಲಿ ಇಂಜೆಕ್ಷನ್ ಸೀಸೆಗೆ ಹಾಕಿ ರಬ್ಬರ್ ಒತ್ತಿದೆ.
ಮುಚ್ಚಳ ಕೂರಿಸುವಾಗ ಮೊದಲ ಗಾಡಿ ಬಂತು,
ತಟ್ಟೆ ನಡುಗಿತು.
ನಾನೂ ಅಂಗೈ ಕವುಚಿದೆ.

ಬೆಳಿಗ್ಗೆ ಏಳನೇ ನಂಬರು.
ವೇಲ್ಜಿ ಕಾಕಾರ ಕೈ ಹಿಡಿದೆ. ಮೂವತ್ತು ದಾಟಿತ್ತು.
ಮುಚ್ಚಿದ ಕಣ್ಣಲ್ಲೇ ತುಸು ಹೊತ್ತು ಕಿವಿಗೊಟ್ಟು ಕೇಳಿದರು:
"ನಿನ್ನೆಯ ಸಿಸ್ಟರ್ ರಜೆಯಾ?"